ಗಣಿತ ಪ್ರಶ್ನೋತ್ತರ: ಏಕಪದಗಳ ವ್ಯವಕಲನ

ಏಳು, ಎಂಟನೇ ತರಗತಿಯ ಬೀಜೋಕ್ತಿಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕಳೆಯುವ ಲೆಕ್ಕದ್ದೇ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ ಮೀಸಲು. ಪಠ್ಯಪುಸ್ತಕದಲ್ಲಿ ಎಕ್ಸ್, ವೈ ಇರುವ ಕಡೆ ಇಲ್ಲಿ ಯ, ಕ ಎಂದು ಬರೆದಿದ್ದೇವೆ. ಕಾರಣ ಮೂರನೇ ಉತ್ತರದಲ್ಲಿದೆ. ಏಕಪದ ಎಂದರೆ 5ಯ, −3ಯ² ಹೀಗೆ ಒಂದೇ ಪದವಿರುವ ಬೀಜೋಕ್ತಿ.

ಪ್ರಶ್ನೆ: 5ಯ − (−3ಯ) ಲೆಕ್ಕಕ್ಕೆ ನನಗೆ 2ಯ ಬರುತ್ತದೆ. ಪುಸ್ತಕದ ಹಿಂದೆ 8ಯ ಎಂದಿದೆ. ಕಳೆದ ಮೇಲೆ ಹೆಚ್ಚಾಗುವುದು ಹೇಗೆ?
(7ನೇ ತರಗತಿ ವಿದ್ಯಾರ್ಥಿನಿ, ಶಿರಸಿ)

ಉತ್ತರ: ಪುಸ್ತಕದ ಉತ್ತರವೇ ಸರಿ. ಈ ಲೆಕ್ಕದಲ್ಲಿ ಎರಡು ಮೈನಸ್ ಇವೆ, ಎರಡರ ಕೆಲಸವೂ ಬೇರೆ. ಆವರಣದ ಹೊರಗಿನದು ‘ಕಳೆ’ ಎಂಬ ಕ್ರಿಯೆ. ಒಳಗಿನದು ಆ ಪದ ಋಣಪದ ಎಂದು ಹೇಳುವ ಚಿಹ್ನೆ. ನೀನು ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದೀಯ.

ಮೊದಲ ಪದವನ್ನು ಮುಟ್ಟದೆ ಹಾಗೇ ಇಳಿಸು: 5ಯ. ಕಳೆಯುವ ಚಿಹ್ನೆಯನ್ನು ಕೂಡುವ ಚಿಹ್ನೆ ಮಾಡು. ಅದರ ಜೊತೆಗೇ ಎರಡನೇ ಪದದ ಚಿಹ್ನೆಯನ್ನೂ ತಿರುಗಿಸು. −3ಯ ಇದ್ದದ್ದು +3ಯ ಆಯಿತು. ಈಗ ಸಾಲು 5ಯ + 3ಯ. ಸಹಗುಣಕಗಳಾದ, ಅಂದರೆ ಅಕ್ಷರದ ಜೊತೆಗಿರುವ ಸಂಖ್ಯೆಗಳಾದ 5 ಮತ್ತು 3 ಕೂಡಿದರೆ 8, ಅಕ್ಷರ ಹಾಗೇ ಉಳಿಯುತ್ತದೆ. ಎರಡು ಬದಲಾವಣೆಗಳಲ್ಲಿ ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ನಿನಗೆ ಬಂದ 2ಯ ಬರುತ್ತದೆ.

ಯಾಕೆ ಹೀಗೆ? ಕಳೆಯುವುದೆಂದರೆ ‘ಎರಡನೆಯದಕ್ಕೆ ಏನನ್ನು ಕೂಡಿದರೆ ಮೊದಲನೆಯದು ಸಿಗುತ್ತದೆ’ ಎಂದು ಕೇಳಿದಂತೆ. −3ಯ ದಿಂದ ಸೊನ್ನೆಗೆ ಬರಲು 3ಯ ಬೇಕು, ಸೊನ್ನೆಯಿಂದ 5ಯ ತಲುಪಲು ಇನ್ನೂ 5ಯ ಬೇಕು. ಒಟ್ಟು 8ಯ. ಬ್ರಹ್ಮಗುಪ್ತ 628ರಲ್ಲೇ ಧನ, ಋಣ ಎಂಬ ಹೆಸರಿಟ್ಟು ಇವುಗಳನ್ನು ಕೂಡುವ, ಕಳೆಯುವ ನಿಯಮ ಬರೆದಿಟ್ಟ. ತಲೆಯ ಮೇಲಿನ ಮೂರು ಸಾವಿರದ ಸಾಲ ಮನ್ನಾ ಆದರೆ ಕೈಗೆ ಮೂರು ಸಾವಿರ ಬಂದದ್ದಕ್ಕೆ ಸಮ, ಅಷ್ಟೆ.

ಇನ್ನೊಂದು ಮಾತು. ‘ಹೆಚ್ಚಾಯಿತು’ ಎನ್ನುವುದು ಯಾವಾಗಲೂ ನಿಜವಲ್ಲ. ಯ ಬೆಲೆ −2 ಆಗಿದ್ದರೆ 5ಯ ಎಂದರೆ −10, 8ಯ ಎಂದರೆ −16. ಕಡಿಮೆಯೇ ಆಯಿತಲ್ಲ!

ಪ್ರಶ್ನೆ: ‘ಮೈನಸ್ ಮೈನಸ್ ಪ್ಲಸ್’ ಎಂದು ಬಾಯಿಪಾಠ ಮಾಡಿಸಿದ್ದಾರೆ. ಹಾಗಾದರೆ −5ಯ − 3ಯ ಎಂದರೆ +8ಯ ಆಗಬೇಕಲ್ಲವೇ?
(8ನೇ ತರಗತಿ ವಿದ್ಯಾರ್ಥಿ, ತುಮಕೂರು)

ಉತ್ತರ: ಆಗುವುದಿಲ್ಲ, −8ಯ. ಆ ಬಾಯಿಪಾಠ ಗುಣಾಕಾರದ್ದು. ಕಳೆಯುವಾಗ ಅದು ಒಪ್ಪುವುದು ಎರಡು ಚಿಹ್ನೆಗಳು ಅಕ್ಕಪಕ್ಕದಲ್ಲಿದ್ದು ನಡುವೆ ಆವರಣ ಬಿಟ್ಟು ಬೇರೇನೂ ಇಲ್ಲದಿದ್ದಾಗ ಮಾತ್ರ. ಇಲ್ಲಿ ನಡುವೆ 5ಯ ಕೂತಿದೆ. ಸಾಲನ್ನು ಬಿಡಿಸಿ ಬರೆ: −5ಯ − (+3ಯ) = −5ಯ + (−3ಯ). ಎರಡೂ ಋಣ, ಆದ್ದರಿಂದ ಸಂಖ್ಯೆಗಳನ್ನು ಕೂಡಿ ಅದೇ ಚಿಹ್ನೆ ಹಾಕಬೇಕು. −5ಯ − (−3ಯ) ಎಂದಿದ್ದರೆ ಮಾತ್ರ −5ಯ + 3ಯ ಆಗುತ್ತಿತ್ತು. ಆಗ ಚಿಹ್ನೆಗಳು ಬೇರೆ, ದೊಡ್ಡದರಿಂದ ಚಿಕ್ಕದನ್ನು ಕಳೆದು ದೊಡ್ಡದರ ಚಿಹ್ನೆ ಹಾಕಿದರೆ −2ಯ.

ಗುಣಾಕಾರದ ಪಾಠ ಬರುವವರೆಗೆ ಈ ಬಾಯಿಪಾಠವನ್ನು ಮಕ್ಕಳಿಗೆ ಕೊಡದಿರುವುದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಉಳಿಸುವ ಶ್ರಮಕ್ಕಿಂತ ಕೆಡಿಸುವ ಲೆಕ್ಕಗಳೇ ಹೆಚ್ಚು.

ಪ್ರಶ್ನೆ: ನನ್ನ ಮಗ 7ಯ² − 3ಯ = 4ಯ ಎಂದು ಬರೆದ, ತಪ್ಪು ಎಂದು ಗುರುತು ಹಾಕಿದ್ದಾರೆ. 4ಯ² ಎಂದು ತಿದ್ದಿದ, ಅದೂ ತಪ್ಪಂತೆ. ಹಾಗಾದರೆ ಸರಿ ಉತ್ತರ ಯಾವುದು?
(ಒಬ್ಬ ತಾಯಿ, ಹಾಸನ)

ಉತ್ತರ: 7ಯ² − 3ಯ ಎಂಬುದೇ ಉತ್ತರ. ಅದು ಇನ್ನು ಮುಂದಕ್ಕೆ ಹೋಗುವುದಿಲ್ಲ. ಮಕ್ಕಳಿಗೆ ಇದು ಅರ್ಧಕ್ಕೇ ನಿಂತ ಲೆಕ್ಕದಂತೆ ಕಾಣುತ್ತದೆ, ಕೊನೆಯಲ್ಲಿ ಒಂದೇ ಪದ ಬರಲೇಬೇಕು ಎಂದುಕೊಂಡು ಬಲವಂತವಾಗಿ ಸೇರಿಸಿಬಿಡುತ್ತಾರೆ.

ಒಂದೇ ಪದವಾಗಿ ಸೇರುವುದು ಸಜಾತಿ ಪದಗಳು ಮಾತ್ರ. ಅಕ್ಷರಗಳು ಅವೇ ಇರಬೇಕು, ಪ್ರತಿ ಅಕ್ಷರದ ಘಾತಾಂಕವೂ (ಯ² ದಲ್ಲಿ ಮೇಲಿರುವ 2ರಂಥದ್ದು) ಅದೇ ಇರಬೇಕು. ಸಹಗುಣಕ ಏನಿದ್ದರೂ ಸರಿ. 4ಯಕ ಮತ್ತು −9ಕಯ ಸಜಾತಿಯೇ, ಏಕೆಂದರೆ ಗುಣಿಸುವಾಗ ಅಕ್ಷರಗಳ ಕ್ರಮ ಲೆಕ್ಕಕ್ಕಿಲ್ಲ. ಆದ್ದರಿಂದ 4ಯಕ − (−9ಕಯ) = 13ಯಕ. ಆದರೆ ಯ²ಕ ಮತ್ತು ಯಕ² ವಿಜಾತಿ. ನೋಡಲು ಒಂದೇ ಥರ ಇವೆ ಎಂಬ ಕಾರಣಕ್ಕೇ ಪರೀಕ್ಷೆಯಲ್ಲಿ ಇವನ್ನು ಜೋಡಿಯಾಗಿ ಕೊಡುತ್ತಾರೆ.

ಸಜಾತಿ ಪದಗಳನ್ನು ಕಳೆಯುವಾಗಲೂ ಘಾತಾಂಕ ಅಲುಗಾಡುವುದಿಲ್ಲ. 7ಯ² − 3ಯ² = (7 − 3)ಯ² = 4ಯ². ಇದು ವಿತರಣಾ ನಿಯಮವೇ: ಎರಡರಲ್ಲೂ ಇರುವ ಯ² ವನ್ನು ಹೊರಗೆ ತೆಗೆದಿದ್ದೇವೆ. ಘಾತಾಂಕಗಳನ್ನು ಕಳೆಯುವುದು ಭಾಗಾಕಾರದಲ್ಲಿ, 12ಯ⁵ ÷ 3ಯ² = 4ಯ³ ಎನ್ನುವಂತೆ. ಎರಡು ಪಾಠಗಳು ಹಿಂದುಮುಂದೆ ಬಂದಾಗ ಈ ನಿಯಮ ಆ ಕಡೆಯಿಂದ ಈ ಕಡೆಗೆ ನುಸುಳುತ್ತದೆ. ಇದೇ ಗುಂಪಿಗೆ ಸೇರಿದ ಇನ್ನೆರಡು ತಪ್ಪು: 8ಯ − ಯ = 8 ಎಂದು ಬರೆಯುವುದು (ಬರಿಯ ಯ ಎಂದರೆ 1ಯ, ಉತ್ತರ 7ಯ), ಮತ್ತು 6ಯ − 6ಯ = ಯ ಎಂದು ಅಕ್ಷರವನ್ನು ಉಳಿಸಿಕೊಳ್ಳುವುದು (ಉತ್ತರ 0).

ಈ ನಿಯಮ ಹೊಸದೇನಲ್ಲ. 12ನೇ ಶತಮಾನದ ಭಾಸ್ಕರಾಚಾರ್ಯ ‘ಬೀಜಗಣಿತ’ದಲ್ಲಿ ಇದನ್ನೇ ಹೇಳಿದ್ದಾನೆ: ಸಮಾನ ಜಾತಿಯವನ್ನು ಕೂಡಬಹುದು, ಕಳೆಯಬಹುದು, ಬೇರೆ ಜಾತಿಯವು ಬೇರೆಬೇರೆಯಾಗಿಯೇ ನಿಲ್ಲುತ್ತವೆ. ಅವನು ಮೊದಲ ಅವ್ಯಕ್ತಕ್ಕೆ (ಬೆಲೆ ಗೊತ್ತಿಲ್ಲದ ಸಂಖ್ಯೆಗೆ) ‘ಯಾವತ್ತಾವತ್’ ಎಂಬುದರ ಯಾ, ಎರಡನೆಯದಕ್ಕೆ ‘ಕಾಲಕ’ದ ಕಾ ಬರೆಯುತ್ತಿದ್ದ, ಋಣಸಂಖ್ಯೆಯ ತಲೆಯ ಮೇಲೆ ಚುಕ್ಕೆ ಇಡುತ್ತಿದ್ದ. ಈ ಪುಟದ ಯ, ಕ ಅಲ್ಲಿಂದ ಬಂದವು. ಕಳೆಯಬೇಕಾದದ್ದು ಧನವಾಗಿದ್ದರೆ ಋಣವಾಗುತ್ತದೆ, ಋಣವಾಗಿದ್ದರೆ ಧನವಾಗುತ್ತದೆ, ಆಮೇಲೆ ಕೂಡಬೇಕು ಎಂಬ ಸೂತ್ರವೂ ಅಲ್ಲೇ ಇದೆ.

ಪ್ರಶ್ನೆ: ‘−4ಯಕ ವನ್ನು 9ಯಕ ದಿಂದ ಕಳೆಯಿರಿ’ ಎಂದರೆ ಯಾವುದನ್ನು ಮೊದಲು ಬರೆಯಬೇಕು?
(8ನೇ ತರಗತಿ ವಿದ್ಯಾರ್ಥಿನಿ, ಮಂಡ್ಯ)

ಉತ್ತರ: ‘ಇಂದ’ ಯಾವುದಕ್ಕೆ ಅಂಟಿದೆಯೋ ಅದು ಮೊದಲು. ವಾಕ್ಯದಲ್ಲಿ ಅದು ಹಿಂದೆ ಬಂದರೂ ಮುಂದೆ ಬಂದರೂ ವ್ಯತ್ಯಾಸವಿಲ್ಲ. 9ಯಕ − (−4ಯಕ) = 13ಯಕ. ತಿರುಗುಮುರುಗಾಗಿ ಬರೆದರೆ −4ಯಕ − 9ಯಕ = −13ಯಕ. ಕ್ರಮ ತಪ್ಪಿದಾಗ ಸಂಖ್ಯೆ ಅದೇ ಬಂದು ಚಿಹ್ನೆ ಮಾತ್ರ ತಿರುಗುತ್ತದೆ. ನಿನ್ನ ಉತ್ತರಕ್ಕೂ ಪುಸ್ತಕದ ಉತ್ತರಕ್ಕೂ ಅಷ್ಟೇ ವ್ಯತ್ಯಾಸ ಕಂಡರೆ ಮೊದಲು ಪ್ರಶ್ನೆಯನ್ನೇ ಮತ್ತೊಮ್ಮೆ ಓದು.

ಪ್ರಶ್ನೆ: ಉತ್ತರ ಸರಿಯೇ ಎಂದು ಮಕ್ಕಳೇ ತಾಳೆ ನೋಡಿಕೊಳ್ಳಲು ‘ಅಕ್ಷರಕ್ಕೆ 1 ಹಾಕಿ ನೋಡಿ’ ಎನ್ನುತ್ತೇನೆ. ಆದರೂ ತಪ್ಪುಗಳು ಉಳಿದುಬಿಡುತ್ತವೆ.
(ಪ್ರೌಢಶಾಲಾ ಶಿಕ್ಷಕರು, ಕೊಪ್ಪಳ)

ಉತ್ತರ: ತೊಂದರೆ ಇರುವುದು ಆ 1ರಲ್ಲೇ. 1ರ ಯಾವ ಘಾತವೂ 1, ಆದ್ದರಿಂದ ಘಾತಾಂಕದ ತಪ್ಪು ಅದಕ್ಕೆ ಕಾಣುವುದೇ ಇಲ್ಲ. 9ಯ²ಕ − 5ಯ²ಕ ಲೆಕ್ಕಕ್ಕೆ 4ಯ²ಕ ಎಂದು ಬರೆದರೂ, 4ಯಕ ಎಂದು ಬರೆದರೂ, ಅಕ್ಷರವನ್ನೇ ಬಿಟ್ಟು 4 ಎಂದು ಬರೆದರೂ 1 ಹಾಕಿದಾಗ ಎಲ್ಲವೂ ತಾಳೆಯಾಗುತ್ತವೆ. ಸೊನ್ನೆ ಇನ್ನೂ ಕೆಟ್ಟದು, ಅಕ್ಷರವಿರುವ ಪದಗಳನ್ನೆಲ್ಲ ಒರೆಸಿಹಾಕುತ್ತದೆ. 2 ಪರವಾಗಿಲ್ಲ ಅನ್ನಿಸಬಹುದು. ಆದರೆ 2ರ ವರ್ಗವೂ 2ರ ಎರಡರಷ್ಟೂ ನಾಲ್ಕೇ ಆದ್ದರಿಂದ ಯ² ವನ್ನು 2ಯ ಎಂದು ತಿಳಿದ ಹುಡುಗ ಅಲ್ಲಿ ತಪ್ಪಿಸಿಕೊಳ್ಳುತ್ತಾನೆ. 7ಯ² − 3ಯ² ಕ್ಕೆ ಅವನು ಬರೆದ 8ಯ, 2 ಹಾಕಿದಾಗ 16 ಎಂದು ಸರಿಯಾಗಿಯೇ ಬರುತ್ತದೆ. 3 ಹಾಕಿದರೆ ಒಂದು ಕಡೆ 36, ಇನ್ನೊಂದು ಕಡೆ 24.

ಹಾಗಾಗಿ ಯ = 3, ಕ = 5 ಎಂದು ತೆಗೆದುಕೊಳ್ಳಲು ಹೇಳಿ. ಎರಡಕ್ಕೂ ಒಂದೇ ಬೆಲೆ ಕೊಟ್ಟರೆ ಯ²ಕ ಮತ್ತು ಯಕ² ಒಂದೇ ಆಗಿಬಿಡುತ್ತವೆ. ಮೇಲಿನ 9ಯ²ಕ − 5ಯ²ಕ ಲೆಕ್ಕದಲ್ಲಿ ಯ²ಕ = 45. ಎಡಗಡೆ 405 − 225 = 180, ಬಲಗಡೆ 4 × 45 = 180. ಸರಿ. 4ಯಕ² ಎಂದಿದ್ದರೆ 300, 4ಯಕ ಎಂದಿದ್ದರೆ 60.

ಚಿಹ್ನೆಯ ತಪ್ಪಿಗೆ ಮಾತ್ರ ಇದು ಅಷ್ಟು ಭರವಸೆಯದಲ್ಲ. 5ಯ − (−3ಯ) ದಲ್ಲಿ ಎಡವಿದ ಮಗು 15 − (−9) ಬಂದಾಗಲೂ ಅದೇ ಕಡೆ ಎಡವಿ 6 ಎಂದು ಬರೆದು, ತನ್ನ 2ಯ ಕ್ಕೂ 6 ಬಂತೆಂದು ಖುಷಿಪಡಬಹುದು. ಅದಕ್ಕೆ ಹಿಮ್ಮುಖ ತಾಳೆ ಬೇಕು: ಬಂದ ಉತ್ತರಕ್ಕೆ ಕಳೆದ ಪದವನ್ನು ಕೂಡಿದರೆ ಮೊದಲ ಪದ ಬರಬೇಕು. 8ಯ + (−3ಯ) = 5ಯ, ಸರಿ. 2ಯ + (−3ಯ) = −ಯ, ತಪ್ಪು ಸಿಕ್ಕಿಬಿತ್ತು.

ಪ್ರಶ್ನೆ: ಒಂದರ ಕೆಳಗೊಂದು ಬರೆದು ಕಳೆಯುವಾಗ ಚಿಹ್ನೆಯನ್ನು ಎಲ್ಲಿ ಬದಲಿಸಬೇಕು?
(7ನೇ ತರಗತಿ ವಿದ್ಯಾರ್ಥಿ, ಕಲಬುರಗಿ)

ಉತ್ತರ: ಕೆಳಗಿನ ಸಾಲಿನಲ್ಲಿ ಮಾತ್ರ. ಹಳೆಯ ಚಿಹ್ನೆಯ ಮೇಲೆ ತಿದ್ದಬೇಡ. ಅದರ ಅಡಿಯಲ್ಲಿ ಹೊಸ ಚಿಹ್ನೆಯನ್ನು ಪುಟ್ಟದಾಗಿ ಬರೆದು ಸುತ್ತು ಹಾಕು, ಆಮೇಲೆ ಸುತ್ತಿನೊಳಗಿನದನ್ನು ಮಾತ್ರ ನೋಡಿ ಕೂಡು. ಪ್ಲಸ್ ಅನ್ನು ತಿದ್ದಿ ಮೈನಸ್ ಮಾಡಲು ಹೋದರೆ ಕೊನೆಗೆ ಅದು ಏನೆಂದು ನಿನಗೇ ತಿಳಿಯುವುದಿಲ್ಲ. ಬರೇ ಎರಡು ಏಕಪದಗಳಿದ್ದರೆ ಅಡ್ಡಸಾಲಿನಲ್ಲಿ ಆವರಣ ಹಾಕಿ ಮಾಡುವುದೇ ಸುಲಭ. ಕಂಬಸಾಲು ಉಪಯೋಗಕ್ಕೆ ಬರುವುದು ಹಲವು ಪದಗಳಿರುವ ಬಹುಪದೋಕ್ತಿಗಳಿಗೆ.

ಪ್ರಶ್ನೆ: ಸಹಗುಣಕ ಭಿನ್ನರಾಶಿಯಾದರೆ? (2/3)ಯ − (−1/4)ಯ ಎಷ್ಟು?
(ಒಬ್ಬ ತಂದೆ, ಬೆಳಗಾವಿ)

ಉತ್ತರ: ಮೊದಲು ಚಿಹ್ನೆ, ಆಮೇಲೆ ಛೇದ. 2/3 + 1/4 ಆಯಿತು, ಛೇದಗಳ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) 12; 8/12 + 3/12 = 11/12. ಉತ್ತರ (11/12)ಯ. 3/7 ಬಂದಿದ್ದರೆ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿದ್ದೀರಿ.

ಪ್ರಶ್ನೆ: 5/ಯ ಏಕಪದವೇ? ಅಲ್ಲದಿದ್ದರೆ 5/ಯ − 2/ಯ ಮಾಡಬಹುದೇ?
(9ನೇ ತರಗತಿ ವಿದ್ಯಾರ್ಥಿ, ಉಡುಪಿ)

ಉತ್ತರ: ಏಕಪದವಲ್ಲ. ಅಕ್ಷರ ಛೇದದಲ್ಲಿದ್ದರೆ ಅದರ ಘಾತಾಂಕ −1 ಆಗುತ್ತದೆ. ಏಕಪದದಲ್ಲಿ ಘಾತಾಂಕ 0, 1, 2 ಹೀಗೆ ಋಣವಲ್ಲದ ಪೂರ್ಣಾಂಕವೇ ಆಗಿರಬೇಕು. ಕಳೆಯಲು ಅಡ್ಡಿಯಿಲ್ಲ, ಛೇದ ಒಂದೇ ಇರುವುದರಿಂದ ಉತ್ತರ 3/ಯ. ಯ ಬೆಲೆ ಸೊನ್ನೆ ಆಗಿರಕೂಡದು, ಅಷ್ಟೆ.