ಎಂ.ಎಸ್ಸಿ. ಬಾಟನಿ ಆಗಿದೆ. ಕಾಸರಗೋಡಿನ ಬೋಳುಗುಡ್ಡೆಗಳ ಮೇಲೆ ಪಿಎಚ್‌ಡಿ ಮಾಡಬಹುದಾ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ: ಬಾಟನಿಯಲ್ಲಿ ಎಂ.ಎಸ್ಸಿ. ಮುಗಿದಿದೆ, ಮನೆ ಬದಿಯಡ್ಕದ ಹತ್ತಿರ, ಸಸ್ಯ ಪರಿಸರ ವಿಜ್ಞಾನದಲ್ಲಿ ಸಂಶೋಧನೆ ಮಾಡುವ ಆಸೆ ಇದೆ. ಆದರೆ ಕೇಳಿದವರೆಲ್ಲ "ಕಾಡಿಲ್ಲದ ಊರಲ್ಲಿ ಏನು ಸಂಶೋಧನೆ? ಕೊಡಗಿಗೋ ವಯನಾಡಿಗೋ ಹೋಗು" ಅನ್ನುತ್ತಾರೆ. ಹೋಗಲೇಬೇಕಾ ಎಂದು ಕೇಳಿದ್ದೀರಿ.

ಬೇಡ. ನಾನು ಕುಂಬಳೆ, ಬದಿಯಡ್ಕ ಕಡೆಯ ಮುರಕಲ್ಲಿನ (ಕೆಂಪುಕಲ್ಲಿನ) ಪದವುಗಳ, ಅಂದರೆ ಈ ಬೋಳುಗುಡ್ಡೆಗಳ ಮೇಲೆಯೇ ಪಿಎಚ್‌ಡಿ ಕೆಲಸ ಮಾಡುತ್ತಿದ್ದೇನೆ. ಕಾಡಿನಲ್ಲಿ ಕೇಳಲಿಕ್ಕೇ ಕಷ್ಟವಾಗುವ ಎಷ್ಟೋ ಪ್ರಶ್ನೆಗಳನ್ನು ಇಲ್ಲಿ ಸಲೀಸಾಗಿ ಕೇಳಬಹುದು.

ಎಪ್ರಿಲ್‌ನಲ್ಲಿ ಪದವು ಹತ್ತಿದರೆ ಕಾಣುವುದು ಕಪ್ಪುಗಟ್ಟಿದ ಕಲ್ಲು, ಒಣಗಿದ ಮುಳಿಹುಲ್ಲು, ಅಲ್ಲೊಂದು ಇಲ್ಲೊಂದು ಕೇಪುಳ ಅಥವಾ ನೆಕ್ಕರಿಕದ ಪೊದೆ. ಜನ ಅದನ್ನು ಪಾಳು ಜಾಗ ಅನ್ನುತ್ತಾರೆ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಮಳೆ ಹಿಡಿದ ಮೇಲೆ ಅದೇ ಕಲ್ಲಿನ ಮೇಲೆ ವಾರ ವಾರಕ್ಕೂ ಬೇರೆ ಗಿಡಗಳು. ಪಳ್ಳಗಳಲ್ಲಿ ನೀರು ನಿಂತಲ್ಲಿ ರೊಟಾಲ, ಅಂಚಿನ ಕೆಸರಿನಲ್ಲಿ ಬಿಳಿ ಗುಂಡಿಯಂಥ ತಲೆ ಹೊತ್ತ ಎರಿಯೊಕಾಲನ್, ಒದ್ದೆ ಹುಲ್ಲಿನ ನಡುವೆ ಯುಟ್ರಿಕ್ಯುಲೇರಿಯಾದ ನೀಲಿ ಹೂ. ಮಣ್ಣು ಕೆಲವು ಕಡೆ ಬೆರಳಿನಷ್ಟೂ ದಪ್ಪ ಇಲ್ಲ. ಸಾರಜನಕವೂ ತೀರಾ ಕಡಿಮೆ. ಅದಕ್ಕೇ ಇಲ್ಲಿ ಕೀಟ ಹಿಡಿದು ತಿನ್ನುವ ಗಿಡಗಳು ಬದುಕುತ್ತವೆ. ಡ್ರೊಸೆರಾ ಎಲೆಯ ಅಂಟಿನಲ್ಲಿ ಹಿಡಿಯುತ್ತದೆ. ಯುಟ್ರಿಕ್ಯುಲೇರಿಯಾಕ್ಕೆ ಒದ್ದೆ ಮಣ್ಣಿನೊಳಗೆ ಸಾಸಿವೆಗಿಂತ ಸಣ್ಣ ಚೀಲಗಳಿವೆ. ಬಾಯಿಯ ಹತ್ತಿರದ ರೋಮಕ್ಕೆ ಏನಾದರೂ ತಾಗಿದರೆ ಸಾಕು, ಒಂದು ಮಿಲಿಸೆಕೆಂಡ್ ಒಳಗೆ ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ. ಮಳೆಗಾಲ ಮುಗಿಯುವುದರೊಳಗೆ ಇವುಗಳಲ್ಲಿ ಹೆಚ್ಚಿನವು ಮೊಳೆತು, ಹೂಬಿಟ್ಟು, ಬೀಜ ಉದುರಿಸಿ ಸತ್ತಿರುತ್ತವೆ.

ಸಂಶೋಧನೆಯ ದೃಷ್ಟಿಯಿಂದ ನನಗೆ ಮುಖ್ಯ ಅನ್ನಿಸುವುದು ಬೇರೆಯೇ. ಹತ್ತು ಹೆಜ್ಜೆಯಲ್ಲಿ ನೀವು ಬರಿ ಕಲ್ಲು, ಕಲ್ಲಿನ ಬಿರುಕು, ತೆಳು ಮಣ್ಣು, ನೀರು ನಿಲ್ಲುವ ತಗ್ಗು, ದಪ್ಪ ಹುಲ್ಲು ಎಲ್ಲವನ್ನೂ ದಾಟುತ್ತೀರಿ. ಪ್ರತಿಯೊಂದರಲ್ಲೂ ಬೇರೆ ಗಿಡ. ಯಾಕೆ ಬೇರೆ? ಮಣ್ಣಿನ ಆಳವೋ, ನೀರು ನಿಲ್ಲುವ ದಿನಗಳೋ, ಪಕ್ಕದ ಗಿಡದ ಪೈಪೋಟಿಯೋ? ಗಿಡಗಳು ಅಂಗೈಯಗಲ, ಬದುಕು ನಾಲ್ಕು ತಿಂಗಳು. ಅಳೆಯಬಹುದು, ಬೀಜ ಬಿತ್ತಿ ಪರೀಕ್ಷೆ ಮಾಡಬಹುದು, ಪಿಎಚ್‌ಡಿಯ ಅವಧಿಯೊಳಗೆ ಉತ್ತರವನ್ನೂ ನೋಡಬಹುದು. ಮರಗಳ ಮೇಲೆ ಕೆಲಸ ಮಾಡುವವರಿಗೆ ಈ ಅನುಕೂಲ ಇಲ್ಲ.

ಹೊಸದೇನೂ ಸಿಗಲಿಕ್ಕಿಲ್ಲ ಎಂಬ ಭಯವೂ ಬೇಡ. ನಮ್ಮ ಜಿಲ್ಲೆಯ ಪೆರಿಯದ ತೊರೆಯಲ್ಲಿ ಬೆಳೆಯುವ ಬಿಳಿ ಹೂವಿನ ಕ್ರೈನಂ ಮಲಬಾರಿಕಂ ಹೊಸ ಪ್ರಭೇದ ಎಂದು ವಿಜ್ಞಾನಕ್ಕೆ ಗೊತ್ತಾದದ್ದು 2012ರಲ್ಲಿ. ಎದ್ದು ಕಾಣುವ ಹೂವು ಅದು, ಊರವರು ಮೊದಲಿನಿಂದಲೂ ನೋಡಿದ್ದೇ. 2023ರಲ್ಲಿ ಅದನ್ನು ಜಿಲ್ಲೆಯ ಹೂವು ಎಂದೂ ಕಾಸರಕವನ್ನು ಜಿಲ್ಲೆಯ ಮರ ಎಂದೂ ಘೋಷಿಸಿದರು. ಸರೋವರ ಕ್ಷೇತ್ರ ಇರುವ ನಮ್ಮ ಅನಂತಪುರದ ಹೆಸರಿನಲ್ಲೂ ಒಂದು ಗಿಡ ಇದೆ, ಲೆಪಿಡಗ್ಯಾಥಿಸ್ ಅನಂತಪುರಮೆನ್ಸಿಸ್.

ಆದರೂ ಒಂದು ಮಾತು. "ಕಾಸರಗೋಡಿನ ಪದವುಗಳ ಸಸ್ಯಗಳು" ಎಂಬ ಪಟ್ಟಿಯನ್ನೇ ಪಿಎಚ್‌ಡಿ ವಿಷಯ ಮಾಡಬೇಡಿ. ಪಟ್ಟಿ ಬೇಕೇ ಬೇಕು, ಅದಿಲ್ಲದೆ ಮುಂದೆ ಹೋಗುವ ಹಾಗಿಲ್ಲ. ಆದರೆ ಪರಿಸರ ವಿಜ್ಞಾನಕ್ಕೆ ಅದು ಬರೀ ತಳಪಾಯ. ಅದರ ಮೇಲೆ ಒಂದು "ಯಾಕೆ" ಇರಬೇಕು.

ಉದಾಹರಣೆಗೆ ಕೆಂಪುಕಲ್ಲಿನ ಕೋರೆಗಳನ್ನು ತೆಗೆದುಕೊಳ್ಳಿ. ಕಲ್ಲು ಕಡಿಯುವ ಮೊದಲು ಮೇಲಿನ ಮಣ್ಣನ್ನು ಕೆರೆದು ಬದಿಗೆ ಹಾಕುತ್ತಾರೆ. ಬೀಜ ಇರುವುದೆಲ್ಲ ಆ ಮಣ್ಣಿನಲ್ಲೇ. ಕೆಲಸ ಮುಗಿದ ಮೇಲೆ ಹೊಂಡ ಹಾಗೇ ಉಳಿಯುತ್ತದೆ. ಅಲ್ಲಿಗೆ ಯಾವ ಗಿಡ ಮೊದಲು ಬರುತ್ತದೆ, ಎಷ್ಟು ವರ್ಷಕ್ಕೆ? ಪದವಿನ ಮೂಲ ಗಿಡಗಳು ವಾಪಸು ಬರುತ್ತವಾ, ಇಲ್ಲಾ ಹೊರಗಿನಿಂದ ಬಂದ ಕಳೆ ಕಮ್ಯುನಿಸ್ಟ್ ಗಿಡವೇ (ಕ್ರೊಮೊಲೀನಾ) ಎಲ್ಲ ಮುಚ್ಚಿಬಿಡುತ್ತದಾ? ಇದಕ್ಕಾಗಿ ಇಪ್ಪತ್ತು ವರ್ಷ ಕಾಯಬೇಕಿಲ್ಲ. ಎರಡು ವರ್ಷದ ಹಿಂದೆ ನಿಲ್ಲಿಸಿದ ಹೊಂಡ, ಹತ್ತು ವರ್ಷದ್ದು, ಇಪ್ಪತ್ತೈದು ವರ್ಷದ್ದು, ಎಲ್ಲವೂ ಒಂದೇ ಪಂಚಾಯತಿಯಲ್ಲಿ ಸಿಗುತ್ತವೆ. ಅವನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದು ಒಪ್ಪಿತವಾದ ವಿಧಾನ. ಹೊಂಡದ ವಯಸ್ಸು ಹೇಗೆ ಗೊತ್ತಾಗುತ್ತದೆ? ಕಲ್ಲು ಕಡಿದವರನ್ನು ಕೇಳಬೇಕು. "ಆ ಕಲ್ಲಲ್ಲೇ ನಮ್ಮ ಮನೆ ಕಟ್ಟಿದ್ದು" ಎನ್ನುವವರು ಸಿಕ್ಕಿದರೆ ವರ್ಷ ಖಚಿತವಾದ ಹಾಗೆ. ತುಳು, ಕನ್ನಡ, ಮಲಯಾಳ ಮೂರೂ ಗೊತ್ತಿರುವ ನಮ್ಮೂರಿನವರಿಗೆ ಈ ಕೆಲಸ ಹೊರಗಿನವರಿಗಿಂತ ಎಷ್ಟೋ ಸುಲಭ. ಯಾರಾದರೂ ಇದನ್ನು ಚೆನ್ನಾಗಿ ಮಾಡಬೇಕು ಎಂಬ ಆಸೆ ನನಗೆ ತುಂಬಾ ಇದೆ. ನೀವೇ ಆಗಬಹುದು.

ಹಾಗೇ ಅಕೇಶಿಯಾ ನೆಡುತೋಪುಗಳ ನೆರಳು, ಬೇಸಿಗೆಯಲ್ಲಿ ಹುಲ್ಲಿಗೆ ಬೀಳುವ ಬೆಂಕಿ, ಇವೂ ಒಳ್ಳೆಯ ವಿಷಯಗಳೇ.

ಕೆಲಸದ ರೀತಿ ಬಗ್ಗೆ ಕೇಳಿದ್ದೀರಿ. ಸಣ್ಣ ಗಿಡಗಳಿಗೆ ಒಂದು ಮೀಟರ್ ಚೌಕದ ಪಿವಿಸಿ ಪೈಪಿನ ಚೌಕಟ್ಟು ಸಾಕು. ಅದನ್ನು ನೆಲದ ಮೇಲಿಟ್ಟು ಒಳಗಿರುವ ಪ್ರತಿ ಪ್ರಭೇದವನ್ನೂ ಅದು ಎಷ್ಟು ಜಾಗ ಮುಚ್ಚಿದೆ ಎಂಬುದನ್ನೂ ಬರೆಯುತ್ತೇವೆ. ತೆಳ್ಳಗಿನ ಕಬ್ಬಿಣದ ಸರಳು ಚುಚ್ಚಿ ಮಣ್ಣಿನ ಆಳ ನೋಡುತ್ತೇವೆ. ಮಳೆಗಾಲ ಪೂರ್ತಿ ಅದೇ ಚೌಕಕ್ಕೆ ಮತ್ತೆ ಮತ್ತೆ ಹೋಗಬೇಕು. ಮೊಬೈಲ್ ಜಿಪಿಎಸ್ ನಂಬಿಕೊಂಡರೆ ಅದೇ ಚೌಕ ಸಿಗುವುದಿಲ್ಲ, ಅದರಲ್ಲಿ ಕೆಲವು ಮೀಟರ್ ಆಚೀಚೆ ಆಗುತ್ತದೆ, ನಿಮ್ಮ ಚೌಕ ಇರುವುದೇ ಒಂದು ಮೀಟರ್. ಕಲ್ಲಿನ ಮೇಲೆ ಬಣ್ಣದ ಗುರುತು ಹಾಕಿ, ದೂರದ ಒಂದು ಮರ ಸೇರುವ ಹಾಗೆ ಫೋಟೋ ತೆಗೆದಿಟ್ಟುಕೊಳ್ಳಿ.

ಲೆಕ್ಕದಲ್ಲಿ ಒಂದು ವಿಷಯವನ್ನು ಮೊದಲ ದಿನವೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಒಂದೇ ಪದವಿನಲ್ಲಿ ನೂರು ಚೌಕ ಹಾಕಿದರೆ ನಿಮಗೆ ಗೊತ್ತಾಗುವುದು ಆ ಒಂದು ಪದವಿನ ಬಗ್ಗೆ ಮಾತ್ರ. ಕೋರೆಯ ಪ್ರಶ್ನೆಯಲ್ಲೂ ಅಷ್ಟೇ, ಪ್ರತಿ ವಯಸ್ಸಿಗೂ ಬೇರೆ ಬೇರೆ ಕಡೆಯ ಹಲವು ಹೊಂಡ ಬೇಕು. ಅದಕ್ಕೆ ಚೌಕ ಕಡಿಮೆ ಮಾಡಿ, ಜಾಗ ಜಾಸ್ತಿ ಮಾಡಿ. ಇದರಿಂದ ಇನ್ನೊಂದು ಉಪಕಾರವೂ ಇದೆ. ನನ್ನ ಜಾಗಗಳಲ್ಲಿ ಒಂದು, ಎರಡನೇ ಮಳೆಗಾಲಕ್ಕೆ ಹೋಗುವಾಗ ಇರಲೇ ಇಲ್ಲ. ಜೆಸಿಬಿ ಬಂದು ಸಮತಟ್ಟು ಮಾಡಿ ಹೋಗಿತ್ತು. ಅಂದು ತುಂಬಾ ಬೇಜಾರಾಯಿತು, ಆದರೆ ಬೇರೆ ಪದವುಗಳಿದ್ದ ಕಾರಣ ಕೆಲಸ ನಿಲ್ಲಲಿಲ್ಲ. ಇಂಥ ಲೆಕ್ಕಕ್ಕೆ ಆರ್ (R) ಎಂಬ ಸಾಫ್ಟ್‌ವೇರ್ ಇದೆ, ಉಚಿತ. ಅದನ್ನು ಈಗಲೇ ಕಲಿಯಲು ಶುರು ಮಾಡಿ.

ಗಿಡ ಗುರುತಿಸುವುದೇ ಹೆಚ್ಚು ಸಮಯ ತಿನ್ನುವುದು. ಎರಿಯೊಕಾಲನ್‌ನ ಆ ಬಿಳಿ ತಲೆಯೊಳಗೆ ಒಂದೆರಡು ಮಿಲಿಮೀಟರಿನ ಹತ್ತಾರು ಹೂಗಳಿರುತ್ತವೆ. ಮೈಕ್ರೋಸ್ಕೋಪಿನ ಕೆಳಗೆ ಸೂಜಿಯಲ್ಲಿ ಬಿಡಿಸಿ, ಗಂಡು ಹೂ ಹೆಣ್ಣು ಹೂ ಬೇರೆ ಮಾಡಿ, ಬೀಜದ ಸಿಪ್ಪೆಯ ಗೆರೆಗಳವರೆಗೆ ನೋಡಿದರೆ ಮಾತ್ರ ಪ್ರಭೇದ ಯಾವುದು ಎನ್ನಲಿಕ್ಕೆ ಆಗುತ್ತದೆ. ಮಾದರಿ ಒಣಗಿಸಿ ಇಡುವಾಗ ಯುಟ್ರಿಕ್ಯುಲೇರಿಯಾವನ್ನು ಸುಮ್ನೆ ಪೇಪರಿನ ನಡುವೆ ಇಟ್ಟರೆ ಮುದ್ದೆಯಾಗುತ್ತದೆ. ತಟ್ಟೆಯ ನೀರಿನಲ್ಲಿ ತೇಲಿಸಿ, ಕೆಳಗಿನಿಂದ ಕಾಗದ ಹಿಡಿದು ಮೆಲ್ಲಗೆ ಎತ್ತಬೇಕು. ಕೆಲವು ಹೂಗಳನ್ನು ಆಲ್ಕೋಹಾಲಿನಲ್ಲೂ ಇಡಿ. ಜೋರು ಮಳೆಯ ಆಟಿ ತಿಂಗಳಲ್ಲಿ, ಗಿಡ ಒತ್ತಿ ಒಣಗಿಸುವ ಪ್ರೆಸ್ಸಿನ ಪೇಪರ್ ದಿನಾ ಬದಲಿಸದಿದ್ದರೆ ಬೂಸ್ಟು ಬರುವುದು ಖಂಡಿತ.

ಹಳೆಯ ದಾಖಲೆ ಹುಡುಕುವಾಗ ನೆನಪಿಡಿ, 1956ರ ತನಕ ನಾವು ದಕ್ಷಿಣ ಕನ್ನಡದ ತಾಲೂಕು. 1915ರಿಂದ 1936ರ ನಡುವೆ ಬಂದ ಗ್ಯಾಂಬಲ್ ಅವರ ಮದ್ರಾಸ್ ಪ್ರೆಸಿಡೆನ್ಸಿ ಫ್ಲೋರಾದಲ್ಲಿ (ಸಸ್ಯಗಳ ವಿವರಗಳ ಪುಸ್ತಕದಲ್ಲಿ) ನಮ್ಮ ಗಿಡಗಳು "ಸೌತ್ ಕೆನರಾ" ಎಂದೇ ಸಿಗುತ್ತವೆ. ಕೇರಳದ ಪುಸ್ತಕ ಮಾತ್ರ ನೋಡಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ. ಒಣಗಿಸಿದ ಗಿಡಗಳ ಸಂಗ್ರಹವಾದ ಕೊಯಮತ್ತೂರಿನ ಮದ್ರಾಸ್ ಹರ್ಬೇರಿಯಂಗೆ ಒಮ್ಮೆ ಹೋಗಿ ಹಳೆಯ ಹಾಳೆಗಳನ್ನು ಕಣ್ಣಾರೆ ನೋಡಲೇಬೇಕು. ಕಲ್ಲಿಕೋಟೆ ವಿಶ್ವವಿದ್ಯಾಲಯದಲ್ಲೂ ಒಳ್ಳೆಯ ಹರ್ಬೇರಿಯಂ ಇದೆ.

ಒಪ್ಪಿಗೆಯ ವಿಷಯ. ರಿಸರ್ವ್ ಫಾರೆಸ್ಟ್ ಆದರೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಪದವುಗಳು ಹೆಚ್ಚಾಗಿ ಕಂದಾಯ ಜಾಗ ಅಥವಾ ಖಾಸಗಿ. ಖಾಸಗಿಯಾದರೆ ಮನೆಗೆ ಹೋಗಿ ಕೇಳಿ, ಏನು ಮಾಡುತ್ತೀರಿ ಎಂದು ಬಿಡಿಸಿ ಹೇಳಿ. ನಾಗಬನದೊಳಗೆ ಮಾತ್ರ ಮನೆಯವರೋ ಆಡಳಿತದವರೋ ಒಪ್ಪದೆ ಒಂದು ಎಲೆಯನ್ನೂ ಕೀಳಬೇಡಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯತಿನಲ್ಲಿ ಜೀವವೈವಿಧ್ಯ ಸಮಿತಿ ಇರುತ್ತದೆ, ಅವರಿಗೂ ತಿಳಿಸಿ.

ಹಣದ ಚಿಂತೆಯೂ ಇದೆ ಎಂದು ಬರೆದಿದ್ದೀರಿ. ಸಿಎಸ್‌ಐಆರ್-ಯುಜಿಸಿ ನೆಟ್ ಲೈಫ್ ಸೈನ್ಸಸ್ ಪರೀಕ್ಷೆ ಬರೆಯಿರಿ. ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಿಕ್ಕಿದರೆ 2023ರ ಪರಿಷ್ಕರಣೆಯ ಪ್ರಕಾರ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಮನೆಬಾಡಿಗೆ ಭತ್ಯೆ ಬೇರೆ. ಪೆರಿಯದಲ್ಲೇ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಸಸ್ಯವಿಜ್ಞಾನ ವಿಭಾಗವೂ ಇದೆ. ಮಂಗಳೂರು, ಕಣ್ಣೂರು, ಕಲ್ಲಿಕೋಟೆ ಎಲ್ಲವೂ ದಿನದೊಳಗೆ ಹೋಗಿ ಬರುವ ದೂರ.

ಗೈಡ್‌ಗೆ ಮೇಲ್ ಬರೆಯುವಾಗ "ನನಗೆ ಪ್ರಕೃತಿ ಎಂದರೆ ಇಷ್ಟ" ಎಂದು ಬರೆಯುವುದರ ಬದಲು ನಿಮ್ಮ ಮನೆ ಹತ್ತಿರದ ಪದವಿನ ಬಗ್ಗೆ ಒಂದು ಪುಟ ಬರೆಯಿರಿ. ಯಾವ ತಗ್ಗಿನಲ್ಲಿ ಯಾವ ಗಿಡ, ಯಾವ ತಿಂಗಳು ಹೂ, ನಿಮಗೆ ಅರ್ಥವಾಗದ್ದು ಏನು. ಈ ಮಳೆಗಾಲದಲ್ಲಿ ವಾರಕ್ಕೊಮ್ಮೆ ಹೋಗಿ ನೋಡಿದರೆ ಆ ಒಂದು ಪುಟಕ್ಕೆ ಬೇಕಾದ್ದೆಲ್ಲ ಸಿಗುತ್ತದೆ. ನೋಟ್ಸ್ ಕನ್ನಡದಲ್ಲೇ ಬರೆದುಕೊಳ್ಳಿ, ನಾನೂ ಹಾಗೇ ಮಾಡುವುದು. ಇಂಗ್ಲಿಷ್ ಥೀಸಿಸ್ ಬರೆಯುವಾಗ ನೋಡಿಕೊಂಡರಾಯಿತು. ಹೆಸರು ಗೊತ್ತಾಗದ ಗಿಡದ ಫೋಟೋ ಇದ್ದರೆ ಇಲ್ಲೇ ಹಾಕಿ. ಹೂವಿನದು ಹತ್ತಿರದಿಂದ ಒಂದು, ಎಲೆಯದು ಒಂದು, ಬೆಳೆದ ಜಾಗದ್ದು ಒಂದು ಇರಲಿ.