ಬೆಳಿಗ್ಗೆ ತಂದ ಪ್ಯಾಕೆಟ್ ಹಾಲು ಸಂಜೆಗೆ ಒಡೆಯುತ್ತಿದ್ದರೆ

ಫ್ರಿಜ್‌ನಲ್ಲಿಟ್ಟ ಹಾಲೂ ಸಂಜೆ ಕಾಯಿಸುವಾಗ ಒಡೆಯುತ್ತಿದೆ ಅಂದರೆ, ಬಹುಶಃ ಅಂಗಡಿಯಲ್ಲೇ ತಂಪು ತಪ್ಪಿದೆ. ಪಾಶ್ಚರೀಕರಣದಲ್ಲಿ, ಅಂದರೆ ಡೇರಿಯಲ್ಲಿ ರೋಗಾಣು ಕೊಲ್ಲುವ ಹಂತದಲ್ಲಿ, ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡ್ ಬಿಸಿ ಮಾಡುತ್ತಾರೆ. ರೋಗ ತರುವ ಬ್ಯಾಕ್ಟೀರಿಯಾ ಸಾಯುತ್ತವೆ, ಹಾಲು ಕೆಡಿಸುವ ಕೆಲವು ಉಳಿಯುತ್ತವೆ. ಪ್ಯಾಕೆಟ್ ಗಂಟೆಗಟ್ಟಲೆ ಹೊರಗೆ ಕ್ರೇಟಿನಲ್ಲಿ ಕೂತರೆ ಅವು ಬೆಳೆಯುತ್ತವೆ.

ನಾಳೆ ಪ್ಯಾಕೆಟ್ ಮುಟ್ಟಿ ನೋಡಿ, ತಣ್ಣಗಿಲ್ಲದಿದ್ದರೆ ತರಬೇಡಿ. ಮನೆಗೆ ತಂದ ತಕ್ಷಣ ಫ್ರಿಜ್‌ನ ಒಳಗೆ ಹಿಂದಕ್ಕೆ ಇಡಿ, ಬಾಗಿಲಲ್ಲಿ ಬೇಡ. ಒಂದು ಥರ್ಮಾಮೀಟರ್ ಇಟ್ಟು ನೋಡಿ, 4-5 ಡಿಗ್ರಿ ಇರಬೇಕು. ಹಳೆ ಹಾಲಿನ ಪಾತ್ರೆಗೇ ಹೊಸದನ್ನು ಸುರಿಯುತ್ತೀರಾ? ಅದೂ ಕಾರಣವಾಗಿರಬಹುದು. ಬೇರೆ ಅಂಗಡಿಯ ಹಾಲೂ ಒಡೆದರೆ ನಿಮ್ಮ ಫ್ರಿಜ್ ಅನ್ನು ರಿಪೇರಿಯವರಿಗೆ ತೋರಿಸಿ.

ಒಡೆದ ಹಾಲನ್ನು ದಯವಿಟ್ಟು ಮಕ್ಕಳಿಗೆ ಕೊಡಬೇಡಿ. ಕುದಿಸಿದರೂ ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಹೋಗುವುದಿಲ್ಲ.