ಕೊರಿಯಾದಲ್ಲಿ ಇಂಗ್ಲಿಷ್ ಕಲಿಸಲು ಯೂಟ್ಯೂಬ್, ಫೇಸ್‌ಬುಕ್ ನೋಡಿ ತಯಾರಾಗಬಹುದಾ?

ಪಾಠ, ಮನೆ, ಊಟದ ವಿಷಯಕ್ಕೆ ಖಂಡಿತ ಆಗಬಹುದು. ವೀಸಾಗೆ ಮಾತ್ರ ಅವನ್ನೇ ನಂಬಬೇಡಿ. ನಿಯಮ ನಿಂತಿರುವುದು ಪಾಸ್‌ಪೋರ್ಟ್ ಮೇಲೆ, ನಿಮ್ಮ ಇಂಗ್ಲಿಷ್ ಎಷ್ಟು ಚೆನ್ನಾಗಿದ್ದರೂ ಅಷ್ಟೇ. ದಕ್ಷಿಣ ಕೊರಿಯಾದ ಇ-2 ವೀಸಾ ಇಂಗ್ಲಿಷ್ ಕಲಿಸಲು ಸಾಮಾನ್ಯವಾಗಿ ಸಿಗುವುದು ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾದವರಿಗೆ. ವಿಡಿಯೊ ಮಾಡುವವರೂ ಜಾಸ್ತಿ ಅವರೇ ಅಲ್ವಾ?

ನಮಗೆ ದಾರಿ ಬೇರೆ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ವ್ಯಾಪಾರ ಒಪ್ಪಂದದಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಿಗೆ ಅವಕಾಶವಿದೆ. ಪದವಿಯ ಜೊತೆ ಇಂಗ್ಲಿಷ್ ಶಿಕ್ಷಕರ ಅರ್ಹತೆಯೂ ಬೇಕು. ಈಗಿನ ನಿಯಮವನ್ನು ಕೊರಿಯಾ ರಾಯಭಾರ ಕಚೇರಿಯಲ್ಲೇ ಕೇಳಿ.

ಫೇಸ್‌ಬುಕ್ ಗುಂಪಿನಲ್ಲಿ ಸುಮ್ನೆ ‘ಕೆಲಸ ಹೇಗಿದೆ’ ಅನ್ನಬೇಡಿ. ನಿಮ್ಮನ್ನು ಕರೆದ ಶಾಲೆಯಲ್ಲೇ ಇರುವವರನ್ನು ಹುಡುಕಿ, ಸಂಬಳ ಹೇಳಿದ ತಾರೀಕಿಗೆ ಬರುತ್ತದೆಯೇ ಎಂದು ಕೇಳಿ.